ಜಪಾನಿಂದ ಬಂದ ಸೆಕೆಂಡ್ ಹ್ಯಾಂಡ್ ಸ್ಯಾಂಪ್ಲರ್ ತಗೊಳ್ಳೋರು ಇದನ್ನ ಓದ್ಕೊಂಡು ಆಮೇಲೆ ದುಡ್ಡು ಕಳ್ಸಿ

ಲೋ-ಫೈ ಬೀಟ್ಸ್ (ಹಳೇ ರೆಕಾರ್ಡ್ ಥರ ಗರಗರ ಅನ್ನೋ ಸಂಗೀತ) ಮಾಡೋಕೆ ಹಾರ್ಡ್‌ವೇರ್ ಸ್ಯಾಂಪ್ಲರ್, ಅಂದ್ರೆ ಹಾಡಿನ ತುಣುಕು ರೆಕಾರ್ಡ್ ಮಾಡ್ಕೊಂಡು ಪ್ಯಾಡ್ ಹೊಡ್ದು ಆಡಿಸೋ ಮಷೀನು, ಹುಡುಕ್ತಿರೋರು ಈಗ ಬೆಂಗಳೂರು ಮೈಸೂರು ಕಡೆ ತುಂಬಾ ಜನ ಆಗಿದಾರೆ, ಅವರಿಗೋಸ್ಕರ ಬರೀತಿದೀನಿ. ಯಾವ ಮಷೀನ್ ಸೌಂಡ್ ಚೆನ್ನಾಗಿದೆ ಅನ್ನೋ ಚರ್ಚೆ ಎಲ್ಲ ಕಡೆ ಸಿಗುತ್ತೆ. ಅದಕ್ಕೆ ಎಷ್ಟು ವೋಲ್ಟ್ ಬೇಕು, ಯಾವ ಕಾರ್ಡ್ ಬೇಕು, ಕೆಟ್ಟೋದ್ರೆ ನಮ್ಮೂರಲ್ಲಿ ಯಾರು ರಿಪೇರಿ ಮಾಡ್ತಾರೆ, ಇದನ್ನ ಯಾರೂ ಹೇಳಲ್ಲ. ನಾವಿರೋ ಜಾಗದಲ್ಲಿ ಮೊದಲು ಕೇಳ್ಬೇಕಾದ್ದು ಅದನ್ನೇ, ಸೌಂಡ್ ಆಮೇಲೆ.

ನನ್ನ ಲಿಸ್ಟಲ್ಲಿ ಇದ್ದಿದ್ದು ಎರಡು. ಒಂದು ರೋಲ್ಯಾಂಡ್ ಎಸ್‌ಪಿ-404ಎಸ್‌ಎಕ್ಸ್, 2009ರ ಮಾಡೆಲ್, ಸೆಕೆಂಡ್ ಹ್ಯಾಂಡ್. ಇನ್ನೊಂದು ಅಕಾಯ್ ಎಂಪಿಸಿ 2000ಎಕ್ಸ್‌ಎಲ್. ಅದರ ಮೇಲೆ ಆಸೆ ಜಾಸ್ತಿ ಇತ್ತು, ಆ ದಪ್ಪ ದಪ್ಪ ಪ್ಯಾಡು, ಎತ್ತಿ ನಿಲ್ಲಿಸೋ ಸ್ಕ್ರೀನು, ನೋಡ್ತಿದ್ರೆ ನೋಡ್ತಾನೇ ಇರ್ಬೇಕು ಅನ್ಸುತ್ತೆ. ರಾಜನ್-ನಾಗೇಂದ್ರ ಹಾಡುಗಳ ಮಧ್ಯೆ ಬರೋ ಆ ಕೊಳಲು ಗಿಟಾರ್ ಪೀಸ್‌ಗಳನ್ನ ಕ್ಯಾಸೆಟ್ಟಿಂದ ಎತ್ತಿ ಕತ್ತರಿಸಿ ಆಡಿಸ್ಬೇಕು ಅಂತ ನನ್ನ ಪ್ಲ್ಯಾನು. ಜಪಾನಿಂದ ಹಳೇ ಸಾಮಾನು ತರಿಸಿ ಮಾರೋ ಒಬ್ಬ ಸಿಕ್ಕಿದ, ಎಂಪಿಸಿಗೆ ಮೂವತ್ತೆಂಟು ಸಾವಿರ ಅಂದ, ಕಸ್ಟಮ್ಸ್ ಎಲ್ಲ ಕಟ್ಟಿ ಆಗಿದೆ ಬ್ರೋ ನೀವು ತಲೆ ಕೆಡಿಸ್ಕೋಬೇಡಿ ಅಂದ, ವಿಡಿಯೋ ಕಳ್ಸಿದ, ಅದ್ರಲ್ಲಿ ಹದಿನಾರು ಪ್ಯಾಡೂ ಸರಿಯಾಗೇ ಹೊಡೀತಿತ್ತು.

ಅವನು ಹೇಳಿದ್ರಲ್ಲಿ ಮೊದಲನೇ ಸುಳ್ಳು ‘ಒರಿಜಿನಲ್ 12 ಬಿಟ್ ಸೌಂಡ್ ಬ್ರೋ, ಅದಕ್ಕೇ ಈ ವಾರ್ಮ್‌ನೆಸ್’. ಬಿಟ್ ಕಮ್ಮಿ ಆದಷ್ಟೂ ಸೌಂಡ್ ಒರಟು, ಲೋ-ಫೈನೋರಿಗೆ ಅದೇ ಇಷ್ಟ, ಆದ್ರೆ 2000ಎಕ್ಸ್‌ಎಲ್ 12 ಬಿಟ್ ಮಷೀನೇ ಅಲ್ಲ, 16 ಬಿಟ್ 44.1 ಕಿಲೋಹರ್ಟ್ಸ್, ಅಂದ್ರೆ ಸಿ.ಡಿ. ಕ್ವಾಲಿಟಿ. ನಿಜವಾದ 12 ಬಿಟ್ ಅಂದ್ರೆ 1987ರ ಈ-ಮ್ಯೂ ಎಸ್‌ಪಿ-1200, ಅದು 26.04 ಕಿಲೋಹರ್ಟ್ಸ್, ಇಲ್ಲಾಂದ್ರೆ 1988ರಲ್ಲಿ ರೋಜರ್ ಲಿನ್ ಡಿಸೈನ್ ಮಾಡಿದ ಎಂಪಿಸಿ60. ಎಸ್‌ಪಿ-1200ರಲ್ಲಿ ಒಟ್ಟು ಸ್ಯಾಂಪ್ಲಿಂಗ್ ಟೈಮ್ ಬರೀ 10 ಸೆಕೆಂಡು, ಅದಕ್ಕೇ ಆಗಿನ ಅಮೆರಿಕದ ಹಿಪ್-ಹಾಪ್ ಹುಡುಗರು ನಿಮಿಷಕ್ಕೆ 33 ಸುತ್ತಿನ ರೆಕಾರ್ಡನ್ನ 45ರ ಸ್ಪೀಡಲ್ಲಿ ಓಡಿಸಿ ಸ್ಯಾಂಪಲ್ ಮಾಡಿ ಆಮೇಲೆ ಪಿಚ್ ಇಳಿಸ್ತಿದ್ರು, ಹಾಗೆ ಇಳಿಸ್ದಾಗ ಬರ್ತಿದ್ದ ಆ ಗರಗರನೇ ಈಗ ಎಲ್ಲರೂ ಹುಡುಕ್ತಿರೋ ಟೆಕ್ಸ್ಚರು. ಜಾಗ ಉಳಿಸೋಕೆ ಮಾಡಿದ ಉಪಾಯ ಅದು. ಈ ಕಥೆ ಅರ್ಧಂಬರ್ಧ ಕೇಳಿರೋ ಮಾರಾಟಗಾರರು ಹಳೇ ಸ್ಯಾಂಪ್ಲರ್ ಯಾವ್ದು ಕಂಡ್ರೂ 12 ಬಿಟ್ ಅಂತ ಮೂಗಿಗೆ ತುಪ್ಪ ಸವರ್ತಾರೆ. ಇದು ನನಗೆ ಮೊದ್ಲೇ ಗೊತ್ತಿತ್ತು, ಆದ್ರೂ ಮಾರೋರು ಏನೋ ಒಂದು ಉದುರಿಸ್ತಾರೆ ಬಿಡು, ಮಷೀನ್ ಸರಿ ಇದ್ರೆ ಸಾಕು ಅಂತ ಮುಂದಕ್ಕೆ ಹೋದೆ.

ಅಸಲಿ ಆಟ ಇದ್ದಿದ್ದು ಹಿಂಭಾಗದಲ್ಲಿ. ಜಪಾನಲ್ಲಿ ಮನೆ ಕರೆಂಟ್ 100 ವೋಲ್ಟ್, ನಮ್ಮದು 230. ಈಗಿನ ಲ್ಯಾಪ್‌ಟಾಪ್ ಚಾರ್ಜರ್ ಎಲ್ಲ ಎರಡನ್ನೂ ತಡ್ಕೊಳ್ಳುತ್ತೆ, ಆದ್ರೆ ಈ ಹಳೇ ಎಂಪಿಸಿಗಳಲ್ಲಿ ಪವರ್ ಸಪ್ಲೈ ಒಳಗಡೇನೇ ಇರುತ್ತೆ, ಯಾವ ದೇಶದಲ್ಲಿ ಮಾರಿದ್ರೋ ಅಲ್ಲಿನ ವೋಲ್ಟೇಜ್‌ಗೆ ಮಾತ್ರ. ಸಾಕೆಟ್ ಮಾತ್ರ ಮಾಮೂಲಿ ಕಂಪ್ಯೂಟರ್ ಪವರ್ ಕೇಬಲ್ ಕೂರೋ ಅಂಥದ್ದೇ, ನೋಡಿದ್ರೆ ಏನೂ ವ್ಯತ್ಯಾಸ ಗೊತ್ತಾಗಲ್ಲ. ಇವನು ಬಾಕ್ಸ್ ಒಳಗೆ ನಮ್ಮೂರಿನ ಮೂರು ಪಿನ್ ಕೇಬಲ್ ಇಟ್ಟು ಕಳ್ಸಿದಾನೆ, ವೋಲ್ಟೇಜ್ ಬರೆದಿರೋ ಲೇಬಲ್ ಮೇಲೆ ಸರಿಯಾಗಿ ಮುಚ್ಚೋ ಹಾಗೆ ‘ಟೆಸ್ಟೆಡ್ ಓಕೆ’ ಅಂತ ಸ್ಟಿಕ್ಕರ್ ಅಂಟಿಸಿದಾನೆ. ಇಡೀ ಡಬ್ಬದ ಮೇಲೆ ಅಷ್ಟೊಂದು ಜಾಗ ಇದ್ದಾಗ ಅಲ್ಲೇ ಯಾಕೆ? ಮೊದ್ಲೇ ಫೋನಲ್ಲಿ ವೋಲ್ಟೇಜ್ ಇಳಿಸೋ ಟ್ರಾನ್ಸ್‌ಫಾರ್ಮರ್ ಏನಾದ್ರೂ ಬೇಕಾ ಅಂತ ಕೇಳಿದ್ದಕ್ಕೆ ‘ಇಲ್ಲ ಬ್ರೋ ಡೈರೆಕ್ಟ್ ಹಾಕಿ’ ಅಂದಿದ್ದ.

ಡೈರೆಕ್ಟ್ ಹಾಕಿದ್ದಾಯ್ತು. ಸ್ಕ್ರೀನ್ ಹತ್ತೋ ಮೊದ್ಲೇ ಒಳಗಿಂದ ಪಟಾಕಿ ಥರ ಟಪ್ ಅಂತು, ವಾಸನೆ ಬಂತು, ಮನೆ ಎಂಸಿಬಿ ಬಿತ್ತು. ಫೋನ್ ಮಾಡಿದ್ರೆ ‘ನನ್ ಹತ್ರ ಚೆನ್ನಾಗೇ ಓಡ್ತಿತ್ತು, ನಿಮ್ಮನೆ ವೈರಿಂಗ್ ಚೆಕ್ ಮಾಡಿಸಿ’ ಅಂದ, ಆಮೇಲೆ ಬ್ಲಾಕ್. ಅವನ ವಿಡಿಯೋ ಮತ್ತೆ ಹಾಕಿ ಸೌಂಡ್ ಜಾಸ್ತಿ ಮಾಡಿ ನೋಡಿದ್ರೆ ಬೀಟ್ ನಿಂತಾಗೆಲ್ಲ ಟೇಬಲ್ ಕೆಳಗಿಂದ ಒಂದು ಗುಂಯ್ ಅನ್ನೋ ಸದ್ದು ಬರ್ತಿದೆ, ಟ್ರಾನ್ಸ್‌ಫಾರ್ಮರದು. ಅಂದ್ರೆ ಅವನೇ ಅದರ ಮೇಲೆ ಓಡಿಸ್ತಿದ್ದ.

ಬೆಂಗಳೂರಿನ ಎಸ್.ಪಿ. ರೋಡಿನ ಒಂದು ಗಲ್ಲೀಲಿ ಆಂಪ್ಲಿಫೈಯರ್ ರಿಪೇರಿ ಮಾಡೋ ಯಜಮಾನ್ರ ಹತ್ರ ತಗೊಂಡೋದೆ. ಬಿಚ್ಚಿದ ತಕ್ಷಣ ತೋರಿಸಿದ್ರು, ಕರೆಂಟ್ ಒಳಗೆ ಬರೋ ಕಡೆ ಇರೋ ದಪ್ಪ ಕೆಪಾಸಿಟರ್ ಮೇಲ್ಗಡೆ ಬಾಯಿ ಬಿಟ್ಕೊಂಡಿತ್ತು, ಅದರ ಮೈ ಮೇಲೆ 200 ವೋಲ್ಟ್ ಅಂತ ಬರ್ದಿದೆ. 100 ವೋಲ್ಟ್ ಎ.ಸಿ. ಡಿ.ಸಿ. ಆದ್ರೆ 140 ಆಗುತ್ತೆ, 200ರ ಕೆಪಾಸಿಟರ್‌ಗೆ ಆರಾಮು, 230 ಆದ್ರೆ 325 ದಾಟುತ್ತೆ ಅಲ್ಲೇನು ಉಳಿಯುತ್ತೆ ಅಂದ್ರು. ಆಮೇಲೆ ಕನ್ನಡಕ ಏರಿಸ್ಕೊಂಡು ಟಾರ್ಚ್ ಬಿಟ್ಟು, ‘ಸರ್ ಇಲ್ನೋಡಿ, ಇದನ್ನ ಈ ಮುಂಚೆನೇ ಯಾರೋ ಬಿಚ್ಚಿದಾರೆ’ ಅಂದ್ರು. ಫ್ಯೂಸ್ ಇರ್ಬೇಕಾದ ಜಾಗದಲ್ಲಿ ಒಂದೆಳೆ ತಾಮ್ರದ ತಂತಿ, ಸುತ್ತ ಹೊಸ ಬೆಸುಗೆ ಹೊಳೀತಿದೆ, ಬೋರ್ಡಿನ ಉಳಿದ ಬೆಸುಗೆ ಎಲ್ಲ ಹಳೇದಾಗಿ ಮಂಕಾಗಿದೆ. ಅಂದ್ರೆ ಇದು ಒಂದ್ಸಲ ಸುಟ್ಟು, ತೇಪೆ ಹಾಕಿ, ನನಗೆ ಟೋಪಿ ಹಾಕಿರೋದು. ಫ್ಯೂಸ್ ಇದ್ದಿದ್ರೆ ಅದೊಂದೇ ಹೋಗಿ ಬಾಕಿ ಉಳಿಯೋ ಚಾನ್ಸ್ ಆದ್ರೂ ಇತ್ತು.

ಯಜಮಾನ್ರು ಸಪ್ಲೈ ಸರಿ ಮಾಡಿದ್ರು, ದೊಡ್ಡ ಮನಸ್ಸು. ಟ್ರಾನ್ಸ್‌ಫಾರ್ಮರ್ ಬಗ್ಗೆ ಒಂದ್ ಮಾತು, ಅಂಗಡಿಗಳಲ್ಲಿ ರೆಡಿ ಸಿಗೋದು ಬಹುತೇಕ 110 ವೋಲ್ಟಿಂದು, ಅಮೆರಿಕದ ಸಾಮಾನಿಗೆ ಅಂತ ಮಾಡಿರೋದು. ಜಪಾನಿನ ಮಷೀನಿಗೆ 100 ವೋಲ್ಟೇ ಬೇಕು ಅಂತ ಬಿಡಿಸಿ ಹೇಳಿ ಸುತ್ತಿಸ್ಕೊಳ್ಳಿ. ಎರಡೂ ಒಂದೇ ಸರ್ ಅಂತ ಅಂಗಡಿಯವರು ಹೇಳ್ತಾರೆ, ಅದೆಲ್ಲ ಕೇಳ್ಬೇಡಿ.

ಮಷೀನ್ ಆನ್ ಆದ್ಮೇಲೆ ಇನ್ನೊಂದು ಗೊತ್ತಾಯ್ತು. ‘ಫುಲ್ ಮೆಮೊರಿ ಹಾಕಿದೀನಿ’ ಅಂದಿದ್ದ, ಒಳಗಿದ್ದಿದ್ದು ಕಂಪನಿಯಿಂದ ಬಂದ 2 ಎಂಬಿ. ಮೋನೋದಲ್ಲಿ ಇಪ್ಪತ್ತು ಚಿಲ್ಲರೆ ಸೆಕೆಂಡ್ ಅಷ್ಟೇ. 32 ಎಂಬಿವರೆಗೂ ಏರಿಸ್ಬಹುದು, ಆಗ ಆರು ನಿಮಿಷದ ಮೇಲೆ ಸಿಗುತ್ತೆ, ಆದ್ರೆ ಅದಕ್ಕೆ ಹಳೇ ಕಾಲದ 72 ಪಿನ್ ಸಿಮ್ (ಫೋನಿಂದಲ್ಲ, ಹಳೇ ಕಂಪ್ಯೂಟರ್ ಮೆಮೊರಿ ಪಟ್ಟಿ) ಬೇಕು. ಆಫ್ ಮಾಡಿದ್ರೆ ಸ್ಯಾಂಪಲ್ ಎಲ್ಲ ಹೋಯ್ತು, ಫ್ಲಾಪಿಗೆ ಸೇವ್ ಮಾಡ್ಬೇಕು, ಒಂದು 1.44 ಎಂಬಿ ಫ್ಲಾಪೀಲಿ ಮೋನೋ ಹದಿನಾರು ಸೆಕೆಂಡ್ ಹಿಡಿಯುತ್ತೆ. ಫ್ಲಾಪಿ ಜಾಗಕ್ಕೆ ಪೆನ್‌ಡ್ರೈವನ್ನೇ ಫ್ಲಾಪಿ ಥರ ಓದಿಸೋ ಯುಎಸ್‌ಬಿ ಎಮ್ಯುಲೇಟರ್ ಕೂರಿಸ್ಬಹುದು, ಅದೂ ಖರ್ಚೇ. ಮಾರೋರಿಗೆ ಲೈವ್ ವಿಡಿಯೋ ಕಾಲಲ್ಲಿ ಮೆಮೊರಿ ಸ್ಕ್ರೀನ್ ತೋರ್ಸಿ ಅನ್ನಿ, ಹಾಗೇ ಹಿಂಭಾಗದ ಲೇಬಲ್ ಮೇಲೆ ಕ್ಯಾಮರಾ ಹಿಡೀರಿ ಅನ್ನಿ. ಸ್ಟಿಕ್ಕರ್ ಇದ್ರೆ ಕಿತ್ತು ತೋರಿಸ್ಲಿ. ಆಗಲ್ಲ ಅಂದ್ರೆ ಅಲ್ಲಿಗೇ ಬಿಡಿ.

ಅಮೆರಿಕದ ಹಿಪ್-ಹಾಪ್ ಬೀಟ್ ಮೇಕರ್ ಮ್ಯಾಡ್‌ಲಿಬ್ ಬಳಸಿದ ಬಾಸ್ ಎಸ್‌ಪಿ-303 ಸ್ಯಾಂಪ್ಲರ್ ಮೇಲೆ ಕಣ್ಣಿಟ್ಟಿರೋರೂ ಕೇಳಿ, ಅದಕ್ಕೆ ಬೇಕಾದ್ದು ಸ್ಮಾರ್ಟ್‌ಮೀಡಿಯಾ ಅನ್ನೋ ಹಳೇ ಮೆಮೊರಿ ಕಾರ್ಡ್, ಅದನ್ನ ಮಾಡೋದು ನಿಲ್ಸಿ ಎಷ್ಟೋ ವರ್ಷ ಆಯ್ತು. ಸ್ಯಾಂಪಲ್ ಇಡೋ ಬ್ಯಾಂಕ್‌ಗಳಲ್ಲಿ ‘ಸಿ’, ‘ಡಿ’ ಎರಡೂ ಕಾರ್ಡ್ ಇಲ್ದೆ ಇದ್ದೂ ಇಲ್ಲದ ಹಾಗೆ. ರೋಲ್ಯಾಂಡ್, ಬಾಸ್ ಅಡಾಪ್ಟರ್ ಸೆಂಟರ್ ನೆಗೆಟಿವ್ (ಪಿನ್ನಿನ ನಡುಭಾಗ ಮೈನಸ್), ನಮ್ಮನೆಗಳಲ್ಲಿ ಬಿದ್ದಿರೋ ವೈಫೈ ರೂಟರ್ ಅಡಾಪ್ಟರ್ ಸಾಮಾನ್ಯವಾಗಿ ಉಲ್ಟಾ, ಪಿನ್ ಕೂತ್ಕೊಳ್ತು ಅಂತ ಹಾಕ್ಬೇಡಿ.

ಇಷ್ಟೆಲ್ಲ ಆದ್ಮೇಲೆ ಒಬ್ಬ ಫ್ರೆಂಡ್‌ಗೆ ನಾನು ಹೇಳಿದ್ದು, ಬ್ಯಾಟರೀಲಿ ಓಡೋದನ್ನೇ ತಗೋ ಅಂತ. 404ಎಸ್‌ಎಕ್ಸ್ ಆರು ಎಎ ಸೆಲ್ಲಲ್ಲಿ ಓಡುತ್ತೆ, ಎಸ್‌ಡಿ ಕಾರ್ಡ್ ಮೂಲೆ ಅಂಗಡೀಲೂ ಸಿಗುತ್ತೆ, ಮಾರೋರ ಮನೆಗೇ ಸೆಲ್ಲು, ಕಾರ್ಡು, ಹೆಡ್‌ಫೋನ್ ತಗೊಂಡೋಗಿ ಪ್ರತಿ ಪ್ಯಾಡನ್ನೂ ಮೆಲ್ಲಗೊಮ್ಮೆ ಜೋರಾಗೊಮ್ಮೆ ಹೊಡ್ದು ನೋಡ್ಬಹುದು. ಒಂದು ಏಟಿಗೆ ಎರಡು ಸಲ ಹೊಡೀತಿದ್ರೆ ಪ್ಯಾಡ್ ಸವೆದಿದೆ. ನಾಬ್ ತಿರುಗಿಸಿದಾಗ ಕರಕರ ಅಂದ್ರೆ ಅದು ‘ಲೋ-ಫೈ ಕ್ಯಾರೆಕ್ಟರ್’ ಅಲ್ಲ, ಧೂಳು ಇಲ್ಲಾ ನಾಬ್ ಕೆಳಗಿನ ಹಾಳಾದ ಪಾಟ್. ಹೊಸದೇ ಬೇಕು ಅಂದ್ರೆ 2021ರ 404 ಎಂಕೆ-2 ಯುಎಸ್‌ಬಿ-ಸಿಯಲ್ಲೂ ಓಡುತ್ತೆ, ಹಳೇ ರೆಕಾರ್ಡ್, ಕ್ಯಾಸೆಟ್ ಥರ ಕೇಳಿಸೋ ಹಾಗೆ ಮಾಡೋ ವಿನೈಲ್ ಸಿಮ್, ಕ್ಯಾಸೆಟ್ ಸಿಮ್ ಎಫೆಕ್ಟ್ ಅದರಲ್ಲೇ ಇದೆ, ಬಿಲ್ಲೂ ವಾರಂಟಿನೂ ಇಲ್ಲೇ ಸಿಗುತ್ತೆ. ಟೀನೇಜ್ ಎಂಜಿನಿಯರಿಂಗಿನ ಪಿಓ-33 ಎರಡು ಎಎಎ ಸೆಲ್ಲಿನ ಪುಟಾಣಿ, 40 ಸೆಕೆಂಡ್ ಮೆಮೊರಿ, ಕಲಿಯೋಕೆ ಸಾಕು. ಇನ್ನೂ ಗ್ಯಾರಂಟಿ ಇಲ್ಲ ಅನ್ನೋರು ಫೋನಲ್ಲಿ ಕೋಆಲಾ ಸ್ಯಾಂಪ್ಲರ್ ಆ್ಯಪ್ ಹಾಕ್ಕೊಂಡು ಸ್ವಲ್ಪ ದಿನ ಆಡಿ, ಕೈ ಕೂತ್ಮೇಲೆ ಡಬ್ಬ ತಗೊಳ್ಳಿ.

ನನ್ನ ಎಂಪಿಸಿ ಈಗ ಟ್ರಾನ್ಸ್‌ಫಾರ್ಮರ್ ಮೇಲೆ ಓಡ್ತಿದೆ, ಆ ಗುಂಯ್ ಸದ್ದು ಸಮೇತ. ಅವನು ಬೇರೆ ಹೆಸರಲ್ಲಿ ಮತ್ತೆ ಶುರು ಮಾಡಿದಾನೆ, ಅದೇ ಟೇಬಲ್, ಅದೇ ಕೆಂಪು ಟೇಬಲ್ ಕ್ಲಾತ್. ಯಾರ ಹತ್ರ ಆದ್ರೂ 16 ಎಂಬಿಯ 72 ಪಿನ್ ಸಿಮ್ ಒಂದು ಜೋಡಿ ಸುಮ್ನೆ ಬಿದ್ದಿದ್ರೆ ಮೆಸೇಜ್ ಹಾಕಿ, ದುಡ್ಡು ಕೊಟ್ಟೇ ತಗೋತೀನಿ, ಆದ್ರೆ ಮೊದ್ಲು ಹಾಕಿ ನೋಡಿ ಆಮೇಲೆ.