ಬಾವಿ ನೀರು ಫ್ರೀ ಟೆಸ್ಟ್ ಮಾಡ್ತೀವಿ ಅಂತ ಬಂದವರನ್ನು ಗೇಟಿನಲ್ಲೇ ನಿಲ್ಲಿಸಿ

ಮನೆ ಬಾಗಿಲಿಗೆ ಬಂದು "ಬಾವಿ ನೀರು ಫ್ರೀ ಆಗಿ ಟೆಸ್ಟ್ ಮಾಡಿ ಕೊಡ್ತೀವಿ" ಅನ್ನುವವರನ್ನು ದಯವಿಟ್ಟು ಒಳಗೆ ಬಿಡಬೇಡಿ. ನೀರಿನ ಟೆಸ್ಟ್, ಫಿಲ್ಟರ್, ಸೆಪ್ಟಿಕ್ ಟ್ಯಾಂಕ್ ಎಲ್ಲಾ ನಾವೇ ನೋಡ್ಕೋತೀವಿ ಅಂದರೆ ಇನ್ನೂ ಜಾಸ್ತಿ ಹುಷಾರಾಗಿರಿ. ನಮಗೆ ಆಗಿದ್ದನ್ನು ಬರೆಯೋಕೆ ನಾಚಿಕೆಯಾಗುತ್ತದೆ. ಸಿಟ್ಟಂತೂ ಇನ್ನೂ ಇಳಿದಿಲ್ಲ. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ಅದೇ ಜನ ಅದೇ ಪೆಟ್ಟಿಗೆ ಹಿಡಿದುಕೊಂಡು ಇನ್ನೂ ಮನೆ ಮನೆ ಸುತ್ತುತ್ತಿದ್ದಾರೆ.

ನಮ್ಮ ಜಾಗಕ್ಕೆ ನಲ್ಲಿ ನೀರಿನ ಲೈನ್ ಇಲ್ಲ, ಒಳಚರಂಡಿಯೂ ಇಲ್ಲ. ಕುಡಿಯುವ ನೀರಿಗೂ ನಮ್ಮದೇ ಬಾವಿ, ಕಕ್ಕಸಿನ ನೀರಿಗೂ ನಮ್ಮದೇ ಗುಂಡಿ. ಮನೆ ಕೆಲಸ ಅರ್ಧ ಮುಗಿದಿತ್ತು. ಆಗ ಇಬ್ಬರು ಬಂದರು. ಕುತ್ತಿಗೆಯಲ್ಲಿ ಐಡಿ ಕಾರ್ಡ್, ಕೈಯಲ್ಲಿ ಪೆಟ್ಟಿಗೆ, ತುಂಬಾ ಮರ್ಯಾದೆಯ ಮಾತು.

ಎರಡು ಲೋಟ ಕೇಳಿದರು. ಒಂದಕ್ಕೆ ನಮ್ಮ ಬಾವಿ ನೀರು, ಇನ್ನೊಂದಕ್ಕೆ ಅವರೇ ತಂದ ಬಾಟಲಿಯ ನೀರು. "ಇದು ನಮ್ಮ ಮಷೀನಿನ ನೀರು ಸರ್" ಅಂದರು. ಮೊದಲು ಪೆನ್ನಿನ ಥರದ ಮೀಟರ್ ಅದ್ದಿ ನಂಬರ್ ತೋರಿಸಿದರು. ಆಮೇಲೆ ಕಡ್ಡಿಗಳಿರುವ ಒಂದು ಯಂತ್ರವನ್ನು ಎರಡೂ ಲೋಟದೊಳಗೆ ಇಳಿಸಿ ಸ್ವಿಚ್ ಹಾಕಿದರು. ನೋಡ್ತಾ ನೋಡ್ತಾ ನಮ್ಮ ಬಾವಿ ನೀರು ಹಳದಿಯಾಯಿತು, ಕಂದು ಬಣ್ಣಕ್ಕೆ ತಿರುಗಿತು, ಕೊನೆಗೆ ಮೇಲೆಲ್ಲಾ ಕಪ್ಪು ಹಸಿರು ಕೆಸರು ತೇಲಿತು. ಅವರ ಲೋಟದ ನೀರು ಇದ್ದ ಹಾಗೇ ಇತ್ತು. ನಮ್ಮ ತಾಯಿ ಬಾಯಿ ಮೇಲೆ ಕೈ ಇಟ್ಟುಕೊಂಡರು. ಬಂದವರಲ್ಲಿ ಒಬ್ಬ ಅವರ ಕಡೆ ತಿರುಗಿ, "ಅಮ್ಮಾ, ಇಷ್ಟು ದಿನ ಇದನ್ನೇ ಕುಡೀತಾ ಇದ್ರಿ" ಅಂದ. ಆ ಮಾತು ಕೇಳಿದ ಮೇಲೆ ಯಾರು ತಾನೇ ಬೇಡ ಅಂತಾರೆ?

ಅವತ್ತೇ ಅಡ್ವಾನ್ಸ್ ಕೊಟ್ಟೆವು.

ಆ ಯಂತ್ರದ ಕಥೆ ಇಲ್ಲೇ ಹೇಳಿಬಿಡುತ್ತೇನೆ. ನನಗೆ ತಿಳಿದಿದ್ದು ಆಮೇಲೆ, ಲ್ಯಾಬಿನಲ್ಲಿದ್ದ ಒಬ್ಬ ಮೇಡಂ ಹೇಳಿದ ಮೇಲೆ. ಆ ಕಡ್ಡಿಗಳಲ್ಲಿ ಕಬ್ಬಿಣದ ಕಡ್ಡಿ ಇರುತ್ತದೆ. ಕರೆಂಟ್ ಹರಿದಾಗ ಆ ಕಬ್ಬಿಣವೇ ಕರಗಿ ತುಕ್ಕಾಗಿ ನೀರಿಗೆ ಬೀಳುತ್ತದೆ. ಬಣ್ಣ ಬಂದಿದ್ದು ಕಡ್ಡಿಯಿಂದ, ಬಾವಿಯಿಂದ ಅಲ್ಲ! ಕರೆಂಟ್ ಹರಿಯಬೇಕಾದರೆ ನೀರಿನಲ್ಲಿ ಲವಣ ಇರಬೇಕು. ಬಾವಿ ನೀರಿನಲ್ಲಿ ಇದ್ದೇ ಇರುತ್ತದೆ. ಅವರು ತಂದಿದ್ದು ಆರ್‌ಓ ನೀರು, ಅಂದರೆ ಪೊರೆಯಲ್ಲಿ ಸೋಸಿ ಲವಣ ತೆಗೆದ ನೀರು. ಅದರಲ್ಲಿ ಲವಣ ತೀರಾ ಕಡಿಮೆ, ಅದಕ್ಕೇ ಅವರ ಲೋಟ ತಿಳಿಯಾಗಿ ಉಳಿಯಿತು. ಅವರ ಲೋಟಕ್ಕೂ ಒಂದು ಚಿಟಿಕೆ ಉಪ್ಪು ಹಾಕಿದ್ದರೆ ಅದೂ ಕೆಸರಾಗುತ್ತಿತ್ತು. ಆ ಪೆನ್ ಮೀಟರ್ ಕೂಡ ಅಷ್ಟೇ. ಕರೆಂಟ್ ಎಷ್ಟು ಸಲೀಸಾಗಿ ಹರಿಯುತ್ತೆ ಅಂತ ಅಳೆದು ಅದರಿಂದ ಟಿಡಿಎಸ್, ಅಂದರೆ ನೀರಿನಲ್ಲಿ ಒಟ್ಟು ಎಷ್ಟು ಲವಣ ಕರಗಿದೆ ಅಂತ, ಲೆಕ್ಕ ಹಾಕುತ್ತದೆ. ಬ್ಯಾಕ್ಟೀರಿಯಾ ಇದೆಯಾ, ಹೊಲಸು ನೀರು, ಗೊಬ್ಬರದಿಂದ ಸೇರುವ ನೈಟ್ರೇಟ್ ಎಷ್ಟಿದೆ, ಆರ್ಸೆನಿಕ್ ಎಷ್ಟಿದೆ, ಫ್ಲೋರೈಡ್ ಎಷ್ಟಿದೆ, ಯಾವುದನ್ನೂ ಅದು ಹೇಳಲ್ಲ.

ಲ್ಯಾಬ್ ರಿಪೋರ್ಟ್ ಬೇಕು ಅಂತ ನಾನು ಕೇಳಿದ್ದೆ. "ನಾವೇ ಮಾಡಿಸಿ ಕೊಡ್ತೀವಿ ಸರ್, ನಿಮಗ್ಯಾಕೆ ಓಡಾಟ" ಅಂದರು. ಅವರ ಹುಡುಗ ಒಂದು ಹಳೇ ಕೂಲ್ ಡ್ರಿಂಕ್ಸ್ ಬಾಟಲಿಯಲ್ಲಿ ನೀರು ಹಿಡಿದುಕೊಂಡು ಹೋದ. ರಿಪೋರ್ಟ್ ಬಂತು. ಬಣ್ಣಬಣ್ಣದ ಹಾಳೆ, ಸೀಲು, ಸಹಿ. ಅದರಲ್ಲಿ ಇದ್ದಿದ್ದು ಪಿಎಚ್, ಟಿಡಿಎಸ್, ಗಡಸುತನ, ಕಬ್ಬಿಣ, ಕ್ಲೋರೈಡ್. ಅಷ್ಟೇ. ನೀರಿಗೆ ಮಲ ಸೇರಿದೆ ಅಂತ ತೋರಿಸುವ ಇ. ಕೋಲಿ ಬ್ಯಾಕ್ಟೀರಿಯಾದ ಟೆಸ್ಟೇ ಇಲ್ಲ, ನೈಟ್ರೇಟಿನ ಟೆಸ್ಟೂ ಇಲ್ಲ. ನೀರು ಹಿಡಿದ ತಾರೀಖಿಲ್ಲ, ಯಾವ ವಿಧಾನದಲ್ಲಿ ನೋಡಿದರು ಅಂತಲೂ ಇಲ್ಲ. "ಗಡಸು ಜಾಸ್ತಿ ಇದೆ ಸರ್" ಅಂತ ಹೇಳಿ ಇಡೀ ಮನೆಗೆ ಒಂದು ಸಾಫ್ಟನರ್ ಹಾಕಿದರು. ನೆನಪಿಡಿ, ಲೋಟದಲ್ಲಿ ತೋರಿಸಿದ್ದು ಆರ್‌ಓ ನೀರು. ನಮಗೆ ಹಾಕಿದ್ದು ಸಾಫ್ಟನರ್. ಎರಡೂ ಒಂದೇ ಅಲ್ಲ. ಸಾಫ್ಟನರ್ ಕ್ಯಾಲ್ಸಿಯಂ, ಮೆಗ್ನೀಸಿಯಂ ತೆಗೆದು ಆ ಜಾಗಕ್ಕೆ ಸೋಡಿಯಂ ಬಿಡುತ್ತದೆ. ಕ್ರಿಮಿಯನ್ನೂ ತೆಗೆಯಲ್ಲ, ನೈಟ್ರೇಟನ್ನೂ ತೆಗೆಯಲ್ಲ.

ಇಷ್ಟಕ್ಕೇ ನಿಂತಿದ್ದರೆ ದುಡ್ಡು ಹೋಯಿತು ಅಂತ ಸುಮ್ನೆ ಇರಬಹುದಿತ್ತು. "ಸೆಪ್ಟಿಕ್ ಪ್ಲಾನ್ ಕೂಡ ನಮ್ಮ ಎಂಜಿನಿಯರ್ ಫ್ರೀ ಆಗಿ ಹಾಕಿ ಕೊಡ್ತಾರೆ" ಅಂದರು. ಎಂಜಿನಿಯರ್ ಬಂದ. ಸೈಟಿನ ಮೂಲೆಯಲ್ಲಿ ನಿಂತು ಸುಣ್ಣದಲ್ಲಿ ಎರಡು ಸುತ್ತು ಎಳೆದ. ಮಣ್ಣು ಮುಟ್ಟಿ ನೋಡಲಿಲ್ಲ. ಮಳೆಗಾಲದಲ್ಲಿ ಬಾವಿ ನೀರು ಎಲ್ಲಿವರೆಗೆ ಏರುತ್ತೆ ಅಂತ ಕೇಳಲಿಲ್ಲ. ಜಾಗ ಇಳಿಜಾರು, ಮೇಲ್ಗಡೆ ಗುಂಡಿ, ಕೆಳಗಡೆ ಬಾವಿ. ಗುಂಡಿ ತೋಡುವಾಗ ಬಿರುಕು ಬಿಟ್ಟ ಬಂಡೆ ಸಿಕ್ಕಿತು. ಮೇಸ್ತ್ರಿ ಒಂದು ಡ್ರಮ್ ನೀರು ಸುರಿದ, ಕಣ್ಣೆದುರಿಗೇ ಇಂಗಿಹೋಯಿತು. ಆ ಎಂಜಿನಿಯರ್ ನನ್ನ ಬೆನ್ನು ತಟ್ಟಿ, "ಸೂಪರ್ ಜಾಗ ಸರ್, ಜನ್ಮದಲ್ಲಿ ತುಂಬಲ್ಲ" ಅಂದ. ಇವತ್ತಿಗೂ ಆ ಮಾತು ನೆನೆದರೆ ಮೈಯೆಲ್ಲಾ ಉರಿಯುತ್ತದೆ.

ಯಾಕೆ ಅಂದರೆ ಸೆಪ್ಟಿಕ್ ಟ್ಯಾಂಕ್ ನೀರನ್ನು ಶುದ್ಧ ಮಾಡಲ್ಲ. ಗಟ್ಟಿ ಪದಾರ್ಥ ತಳಕ್ಕೆ ಕೂರುತ್ತೆ, ಜಿಡ್ಡು ಮೇಲೆ ತೇಲುತ್ತೆ, ನಡುವಿನ ನೀರು ಹೊರಗೆ ಇಂಗುಗುಂಡಿಗೆ, ಅಂದರೆ ನೆಲಕ್ಕೆ ನೀರು ಇಂಗಿಸುವ ಗುಂಡಿಗೆ, ಹೋಗುತ್ತೆ. ಆ ನೀರಿನಲ್ಲಿ ರೋಗದ ಕ್ರಿಮಿಗಳು ಲೆಕ್ಕವಿಲ್ಲದಷ್ಟು ಇರುತ್ತವೆ. ಅವನ್ನು ಹಿಡಿದು ಸಾಯಿಸುವುದು ಇಂಗುಗುಂಡಿಯ ಕೆಳಗಿನ ಮಣ್ಣು. ಅದು ನೀರು ನಿಲ್ಲದ, ಗಾಳಿಯಾಡುವ ಮಣ್ಣಾಗಿರಬೇಕು. ಗುಂಡಿಯ ತಳಕ್ಕೂ ಅಂತರ್ಜಲಕ್ಕೂ ನಡುವೆ ಅಂಥ ಮಣ್ಣು ಸಾಕಷ್ಟು ಆಳ ಇರಲೇಬೇಕು. ಜೇಡಿ ಮಣ್ಣಾದರೆ ನೀರು ಇಂಗದೆ ಮೇಲೆ ಉಕ್ಕುತ್ತದೆ, ಅದು ಕಣ್ಣಿಗಾದರೂ ಕಾಣುತ್ತದೆ. ಬಿರುಕು ಬಂಡೆಯಾದರೆ ಹೊಲಸು ನೀರು ಸೋಸದೆ ನೇರ ಬಾವಿಗೆ ಇಳಿಯುತ್ತದೆ, ಗೊತ್ತೇ ಆಗಲ್ಲ. ಇದನ್ನು ತಿಳಿಯೋಕೇ ಇಂಗುವ ಪರೀಕ್ಷೆ ಇರುವುದು. ಸಣ್ಣ ಗುಂಡಿ ತೋಡಿ, ಮೊದಲು ನೀರು ತುಂಬಿಸಿ ಮಣ್ಣನ್ನು ಚೆನ್ನಾಗಿ ನೆನೆಸಿ, ಆಮೇಲೆ ಮತ್ತೆ ನೀರು ಹಾಕಿ ಅದು ಎಷ್ಟು ಹೊತ್ತಿಗೆ ಎಷ್ಟು ಇಳಿಯುತ್ತೆ ಅಂತ ಅಳೆಯುತ್ತಾರೆ. ತೀರಾ ನಿಧಾನ ಆದರೂ ಆಗಲ್ಲ, ತೀರಾ ಬೇಗ ಆದರೂ ಆಗಲ್ಲ. ಡ್ರಮ್ ಸುರಿದು ಬೆನ್ನು ತಟ್ಟೋದು ಪರೀಕ್ಷೆ ಅಲ್ಲ.

ಟ್ಯಾಂಕ್ ಅಂತ ಇಳಿಸಿದ್ದೂ ಸಿಮೆಂಟ್ ರಿಂಗುಗಳನ್ನು. ತಳಕ್ಕೆ ಕಾಂಕ್ರೀಟ್ ಇಲ್ಲ, ಬರೀ ನೆಲ. ತಳ ಇಲ್ಲದ್ದು ಸೆಪ್ಟಿಕ್ ಟ್ಯಾಂಕ್ ಹೇಗಾಗುತ್ತೆ? ಅದು ಬರೀ ಗುಂಡಿ. ಸಾಲದ್ದಕ್ಕೆ ಸಾಫ್ಟನರ್ ತೊಳೆದ ಉಪ್ಪು ನೀರನ್ನೂ ಅದಕ್ಕೇ ಬಿಟ್ಟರು.

ಗೊತ್ತಾಗಿದ್ದು ಹೇಗೆ ಅಂದರೆ, ನನ್ನ ತಂಗಿ ಎಳೆ ಮಗುವನ್ನು ಕರೆದುಕೊಂಡು ಬಂದಳು. ಮಗುವಿಗೆ ಪುಡಿ ಹಾಲು, ಬಾಟಲಿಯಲ್ಲಿ. ಡಾಕ್ಟರ್ ಹತ್ತಿರ ಹೋದಾಗ ಅವರು, "ಬಾವಿ ನೀರಾ? ನೈಟ್ರೇಟ್ ನೋಡಿಸಿದ್ದೀರಾ?" ಅಂತ ಕೇಳಿದರು. ರಿಪೋರ್ಟ್ ತೋರಿಸಿದೆ. ಒಂದು ನಿಮಿಷ ನೋಡಿ, "ಇದರಲ್ಲಿ ನೋಡಬೇಕಾದ್ದು ಯಾವುದೂ ಇಲ್ಲವಲ್ಲ" ಅಂದರು. ಆರು ತಿಂಗಳೊಳಗಿನ ಮಕ್ಕಳಿಗೆ ನೈಟ್ರೇಟ್ ಜಾಸ್ತಿ ಇರುವ ನೀರಿನಲ್ಲಿ ಹಾಲು ಕಲಸಿ ಕೊಟ್ಟರೆ ರಕ್ತಕ್ಕೆ ಆಮ್ಲಜನಕ ಹೊರುವ ಶಕ್ತಿ ಕಡಿಮೆಯಾಗುತ್ತದೆ, ಮೈ ನೀಲಿಗಟ್ಟುತ್ತದೆ, ಜೀವಕ್ಕೇ ಅಪಾಯ. 1945ರಲ್ಲೇ ಹಂಟರ್ ಕಾಮ್ಲಿ ಅನ್ನುವ ಅಮೆರಿಕದ ಡಾಕ್ಟರ್ ಇದನ್ನು ಬಾವಿ ನೀರಿಗೆ ಜೋಡಿಸಿ ಬರೆದಿದ್ದರು. ಕುದಿಸಿದರೆ ನೈಟ್ರೇಟ್ ಹೋಗಲ್ಲ, ನೀರು ಆವಿಯಾದಂತೆ ಇನ್ನೂ ಗಟ್ಟಿಯಾಗುತ್ತದೆ. ನಾವು ಮಗುವಿಗೆ ಅಂತ ಕುದಿಸಿ ಕುದಿಸಿ ಇಡುತ್ತಿದ್ದೆವು. ಮಗುವಿಗೆ ಏನೂ ಆಗಲಿಲ್ಲ. ಆದರೆ ಅದನ್ನು ನೆನೆದರೆ ಈಗಲೂ ಕೈಕಾಲು ನಡುಗುತ್ತದೆ.

ಈ ಸಲ ಲ್ಯಾಬಿಗೆ ನಾನೇ ಹೋದೆ. ಸ್ಟೆರೈಲ್ ಬಾಟಲಿ ಅವರೇ ಕೊಟ್ಟರು. ತೊಳೆಯಬೇಡಿ, ಮುಚ್ಚಳದ ಒಳಗೆ ಬೆರಳು ತಾಗಿಸಬೇಡಿ, ತಂಪಾಗಿಟ್ಟು ಅವತ್ತೇ ತಂದುಕೊಡಿ ಅಂದರು. ರಿಪೋರ್ಟಿನಲ್ಲಿ ಇ. ಕೋಲಿ ಇದೆ ಅಂತ ಬಂತು. 100 ಮಿಲಿಲೀಟರ್ ನೀರಿನಲ್ಲಿ ಅದು ಒಂದೂ ಇರಬಾರದು. ನೈಟ್ರೇಟಿಗೆ ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 50 ಮಿಲಿಗ್ರಾಂ, ನಮ್ಮದು ಅದನ್ನು ದಾಟಿತ್ತು. (ಕೆಲವು ಲ್ಯಾಬಿನವರು ಇದನ್ನೇ ಸಾರಜನಕದ ಲೆಕ್ಕದಲ್ಲಿ ಬರೆಯುತ್ತಾರೆ, ಆಗ ಮಿತಿ ಸುಮಾರು 11 ಆಗುತ್ತದೆ. ಯಾವ ಲೆಕ್ಕ ಅಂತ ಕೇಳಿಕೊಳ್ಳಿ.) ಪ್ಲಂಬರ್ ಕಕ್ಕಸಿಗೆ ಹಸಿರು ಫ್ಲೋರೆಸಿನ್ ಬಣ್ಣ ಹಾಕಿ ಫ್ಲಶ್ ಮಾಡಿದರು. ಆ ಬಣ್ಣ ಬಾವಿಯಲ್ಲಿ ಕಂಡಿತು. ಅವತ್ತು ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ.

ಸಾಫ್ಟನರ್ ಹಾಕಿದವರಿಗೆ ಫೋನ್ ಮಾಡಿದೆ. ಅವರ ಉತ್ತರಗಳನ್ನು ಇದ್ದ ಹಾಗೇ ಬರೆಯುತ್ತೇನೆ.

"ಬ್ಯಾಕ್ಟೀರಿಯಾ ಯಾಕೆ ನೋಡಿಲ್ಲ?"

"ನೀವು ಕೇಳಿರಲಿಲ್ಲ ಅಲ್ವಾ ಸರ್."

"ಟ್ಯಾಂಕಿಗೆ ತಳ ಯಾಕೆ ಹಾಕಿಲ್ಲ?"

"ತಳ ಹಾಕಿದ್ರೆ ಬೇಗ ತುಂಬುತ್ತೆ ಸರ್. ನಿಮ್ಮ ಒಳ್ಳೇದಕ್ಕೇ ಮಾಡಿದ್ದು."

"ಕಕ್ಕಸಿಗೆ ಹಾಕಿದ ಬಣ್ಣ ಬಾವಿಗೆ ಬಂದಿದೆಯಲ್ಲ?"

"ಅದನ್ನ ನೀವೇ ಬಾವಿಗೆ ಹಾಕಿರಬಹುದು ಅಲ್ವಾ ಸರ್."

ನೀವು ಕೇಳಿರಲಿಲ್ಲ ಅಲ್ವಾ! ಕೇಳೋಕೆ ನನಗೆ ಗೊತ್ತಿದ್ದರೆ ಇವರನ್ನು ಯಾಕೆ ಕರೆಯುತ್ತಿದ್ದೆ? ಗೊತ್ತಿರುವವರು ಅಂತ ತಾನೇ ನಂಬಿ ದುಡ್ಡು ಕೊಟ್ಟಿದ್ದು?

ಬಿಡದೆ ಮನೆಗೆ ಕರೆಸಿದೆ. ಅದೇ ಪೆಟ್ಟಿಗೆ ತರಿಸಿದೆ. "ನಿಮ್ಮ ಸಾಫ್ಟನರಿನಿಂದ ಬರುವ ನೀರಿಗೇ ಈ ಕಡ್ಡಿ ಇಳಿಸಿ" ಅಂದೆ. ಬೇಡ ಸರ್, ಅದಕ್ಕಲ್ಲ ಸರ್ ಅಂತ ಎಳೆದಾಡಿದರು. ನಾನೇ ಸ್ವಿಚ್ ಹಾಕಿದೆ. ಅವರೇ ಮಾರಿದ ಮಷೀನಿನ ನೀರು, ಅವರದೇ ಯಂತ್ರದಲ್ಲಿ, ಬಾವಿ ನೀರಿನ ಹಾಗೇ ಕಂದು ಕೆಸರಾಯಿತು. ನಮ್ಮ ತಾಯಿಯೂ ಅಲ್ಲೇ ನಿಂತಿದ್ದರು. ಅವನು ಸ್ವಲ್ಪವೂ ಅಳುಕದೆ ಹೇಳಿದ, "ಇದು ಸ್ನಾನಕ್ಕೆ, ಬಟ್ಟೆಗೆ ಸರ್. ಕುಡಿಯೋಕೆ ಇನ್ನೊಂದು ಮಷೀನ್ ಹಾಕಿಸ್ಕೋಬೇಕು." ಉಪ್ಪಿನ ವಿಷಯ ತೆಗೆದೆ, ಅವರು ತಂದ ಬಾಟಲಿ ನೀರಿಗೆ ನಾನೇ ಒಂದು ಚಿಟಿಕೆ ಹಾಕಿ ತೋರಿಸಿದೆ. ಅದೂ ಕೆಸರಾಯಿತು. "ಅದು ಉಪ್ಪಿನಲ್ಲಿರೋ ಕೊಳೆ ಸರ್" ಅಂದ. ಮುಖ ನೋಡಿಕೊಂಡೇ ಅಂದ. ನನಗೆ ಮಾತೇ ಹೊರಡಲಿಲ್ಲ.

ಹೋಗುವಾಗ ಇನ್ನೊಂದು ಮಾತು ಹೇಳಿದ, "ನೀರು ನೋಡೋಕೆ ಕ್ಲಿಯರ್ ಆಗೇ ಇದೆಯಲ್ಲ ಸರ್, ರುಚಿನೂ ಚೆನ್ನಾಗಿದೆ." 1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟ್ ಪಂಪಿನ ನೀರನ್ನೂ ಜನ ರುಚಿ ಅಂತಲೇ ಕುಡಿದರು. ಆ ಬಾವಿಯಿಂದ ಮೂರು ಅಡಿಯೂ ದೂರ ಇರದ ಮಲದ ಗುಂಡಿ ಸೋರುತ್ತಿತ್ತು, ಕಾಲರಾಗೆ ನೂರಾರು ಜನ ಸತ್ತರು. ಆ ಹೆಂಗಸರು ಗಂಡಸರಿಗೆ ಗೊತ್ತಾಗುವ ದಾರಿ ಇರಲಿಲ್ಲ. ಇವರಿಗೆ ಗೊತ್ತಿತ್ತು. ಗೊತ್ತಿದ್ದೂ ಸುಳ್ಳು ಕೊಳೆ ತೋರಿಸಿ ದುಡ್ಡು ತಗೊಂಡರು, ನಿಜವಾದ ಕೊಳೆಯನ್ನು ನಮ್ಮ ಬಾವಿಗೆ ಬಿಟ್ಟರು. ಇದನ್ನೇ ನನಗೆ ತಡೆದುಕೊಳ್ಳೋಕೆ ಆಗದೇ ಇರುವುದು.

ಮನೆ ಕಟ್ಟುತ್ತಿರುವವರು ಇಷ್ಟು ಮಾಡಿ. ಫಿಲ್ಟರ್ ಮಾರುವವರ ಕೈಯಲ್ಲಿ ನೀರು ಟೆಸ್ಟ್ ಮಾಡಿಸಬೇಡಿ, ಮಾನ್ಯತೆ ಇರುವ ಲ್ಯಾಬಿಗೆ ನೀವೇ ಹೋಗಿ. ಇ. ಕೋಲಿ ಮತ್ತು ನೈಟ್ರೇಟ್ ಇಲ್ಲದ ರಿಪೋರ್ಟ್ ತಗೊಂಡು ಉಪಯೋಗವಿಲ್ಲ. ಫ್ಲೋರೈಡ್, ಆರ್ಸೆನಿಕ್ ಕೂಡ ಒಂದು ಸಲ ನೋಡಿಸಿ. ಗುಂಡಿ ತೋಡುವ ಮೊದಲೇ ಒಂದು ರಿಪೋರ್ಟ್ ಕೈಯಲ್ಲಿರಲಿ, ಇಲ್ಲದಿದ್ದರೆ ಆಮೇಲೆ "ಮೊದಲೂ ಹೀಗೇ ಇತ್ತು ಸರ್" ಅಂತಾರೆ. ನನಗೂ ಹಾಗೇ ಅಂದರು, ಅದಕ್ಕೆ ಉತ್ತರ ಕೊಡೋಕೆ ನನ್ನ ಹತ್ತಿರ ಕಾಗದ ಇರಲಿಲ್ಲ. ಬಾವಿಯಿಂದ ಟ್ಯಾಂಕಿಗೆ 15 ಮೀಟರ್, ಇಂಗುಗುಂಡಿಗೆ 30 ಮೀಟರ್ ದೂರ ಇರಬೇಕು ಅಂತ ಎಷ್ಟೋ ಕಡೆ ನಿಯಮ ಇದೆ. ನಿಮ್ಮ ಕಡೆಯ ನಿಯಮ ಕೇಳಿ, ಟೇಪ್ ಹಿಡಿದು ನೀವೇ ಅಳೆಯಿರಿ. ನಾನು ಆಮೇಲೆ ಅಳೆದೆ, ನಮ್ಮ ಇಂಗುಗುಂಡಿ 15 ಮೀಟರ್ ಕೂಡ ದೂರ ಇರಲಿಲ್ಲ. ಪಕ್ಕದ ಸೈಟಿನವರ ಗುಂಡಿ ಎಲ್ಲಿದೆ ಅಂತಲೂ ನೋಡಿ. ಗುಂಡಿ ಯಾವತ್ತೂ ಬಾವಿಗಿಂತ ಇಳಿಜಾರಿನ ಕೆಳಗಡೆ ಇರಲಿ. ಇಂಗುವ ಪರೀಕ್ಷೆ ಮಾಡದೆ ಗೆರೆ ಎಳೆಯುವವನನ್ನು ಅಲ್ಲಿಂದಲೇ ವಾಪಸ್ ಕಳಿಸಿ.

ಈಗ ಆ ಗುಂಡಿಯನ್ನು ಖಾಲಿ ಮಾಡಿಸಿ ಮುಚ್ಚಿಸಿದ್ದೇವೆ. ಬಾವಿಯ ಕೆಳಗಡೆ, ದೂರದಲ್ಲಿ, ಮಣ್ಣು ನೋಡಿಸಿ, ತಳ ಇರುವ ಎರಡು ಕೋಣೆಯ ಟ್ಯಾಂಕ್ ಕಟ್ಟಿಸುತ್ತಿದ್ದೇವೆ. ಬಾವಿಗೆ ಕ್ಲೋರಿನ್ ಹಾಕಿಸಿದ ಮೇಲೆ ಇ. ಕೋಲಿ ಹೋಗಿದೆ, ನೈಟ್ರೇಟ್ ಇನ್ನೂ ಇಳಿದಿಲ್ಲ. ಕ್ಲೋರಿನ್ನಿಗೆ ಅದು ಬಗ್ಗಲ್ಲ. ಅಲ್ಲಿವರೆಗೂ ಕುಡಿಯುವ ನೀರು ಹೊರಗಿನಿಂದ ಹೊರುತ್ತಿದ್ದೇವೆ. ಮಳೆ ಮುಗಿದ ಮೇಲೆ ಮತ್ತೆ ಟೆಸ್ಟ್ ಮಾಡಿಸಬೇಕು. ದುಡ್ಡು ವಾಪಸ್ ಬಂದಿಲ್ಲ. ಗ್ರಾಹಕರ ದೂರಿಗೆ ಎರಡೂ ರಿಪೋರ್ಟ್ ಮತ್ತು ಬಾವಿಯಲ್ಲಿ ಕಂಡ ಹಸಿರು ನೀರಿನ ಫೋಟೋ ಸೇರಿಸಿ ಕೊಟ್ಟಿದ್ದೇನೆ. ದೂರು ಕೊಟ್ಟ ಮೇಲೆ ಅವರಿಂದ ಒಂದು ಮೆಸೇಜ್ ಬಂತು, ಸಾಫ್ಟನರಿನ ಸರ್ವಿಸ್ ದಿನ ಹತ್ತಿರ ಬಂದಿದೆ, ಹುಡುಗನನ್ನು ಯಾವಾಗ ಕಳಿಸಲಿ ಅಂತ.