ಹಳೆಯ ಕಾರಿಗೆ ದೊಡ್ಡ ಚಕ್ರ ಹಾಕಿಸುವ ಮುನ್ನ ಟೈರಿನ ಎತ್ತರ ಲೆಕ್ಕ ಹಾಕಿ

ಚಾಮುಂಡಿ ಬೆಟ್ಟದಿಂದ ಇಳಿಯುತ್ತಿದ್ದೆವು. ಹಿಂದಿನ ಸೀಟಿನಲ್ಲಿ ಅಮ್ಮ, ಚಿಕ್ಕಮ್ಮ, ನನ್ನ ಮಗಳು. ಎಡಕ್ಕೆ ತಿರುಗಿದಾಗಲೆಲ್ಲ ಬಲಬದಿಯ ಹಿಂಚಕ್ರದ ಕಡೆಯಿಂದ ಕರಕರ ಸದ್ದು ಕೇಳುತ್ತಿತ್ತು. ನಾಲ್ಕನೆಯ ತಿರುವಿಗೆ ಚಿಕ್ಕಮ್ಮ, ‘ರಬ್ಬರ್ ಸುಟ್ಟ ವಾಸನೆ ಬರುತ್ತಿದೆಯಲ್ಲಪ್ಪ, ನಿಲ್ಲಿಸಿ ನೋಡು’ ಎಂದರು. ಅವರು ಹೇಳದಿದ್ದರೆ ನಾನು ಕೆಳಗಿನವರೆಗೂ ಹಾಗೆಯೇ ಓಡಿಸುತ್ತಿದ್ದೆ. ಇಳಿದು ನೋಡಿದರೆ ಮಡ್‌ಗಾರ್ಡಿನ ಒಳಅಂಚು ಹೊಸ ಟೈರಿನ ಭುಜವನ್ನು ಸುತ್ತಲೂ ಕೆತ್ತಿ ಹಾಕಿತ್ತು. ಎರಡು ಕಡೆ ಒಳಗಿನ ಬಿಳಿ ನೂಲು ಕಾಣುತ್ತಿತ್ತು. ಟೈರು ಹಾಕಿಸಿ ಆಗಿನ್ನೂ ಹನ್ನೊಂದು ದಿನ.

ನನ್ನದು ಫಿಯೆಟ್ ಪಾಲಿಯೊ, 1.6 ಲೀಟರ್ ಎಂಜಿನ್ನಿನದು. ಸುಮಾರು 100 ಅಶ್ವಶಕ್ತಿಯ ಈ ಪುಟ್ಟ ಕಾರು ಅಂದಿನ ದಿನಗಳಲ್ಲಿ ನಮ್ಮಂಥವರ ಕೈಗೆಟುಕುತ್ತಿದ್ದ ಸ್ಪೋರ್ಟ್ಸ್ ಕಾರೇ ಸರಿ. ಅದರ ಕೈಪಿಡಿಯಲ್ಲಿರುವ ಟೈರಿನ ಅಳತೆ 175/65 ಆರ್14. ಚಕ್ರಕಮಾನಿನೊಳಗೆ ಖಾಲಿ ಜಾಗ ಎದ್ದು ಕಾಣುತ್ತದೆಂದು ನನಗೆ ಬಹಳ ದಿನದಿಂದ 16 ಇಂಚಿನ ಅಲಾಯ್ ಚಕ್ರದ ಆಸೆಯಿತ್ತು. ಮೈಸೂರಿನ ಒಂದು ಟೈರ್ ಅಂಗಡಿಯಲ್ಲಿ ವಿಚಾರಿಸಿದೆ. ಅಂಗಡಿಯವರು 205/55 ಆರ್16 ಟೈರು ತೋರಿಸಿ, ‘ಇದೇ ಸರಿಹೋಗುತ್ತದೆ ಸಾರ್, ಕಾರು ಸ್ವಲ್ಪ ಮೇಲೇಳುತ್ತದೆ, ಹಂಪ್‌ಗಳಿಗೆ ಅಡಿ ತಾಗುವುದಿಲ್ಲ’ ಎಂದರು. ಅದು ಅನೇಕ ದೊಡ್ಡ ಸೆಡಾನ್‌ಗಳಿಗೆ ಹೊಂದುವ, ಎಲ್ಲ ಅಂಗಡಿಗಳಲ್ಲೂ ದಾಸ್ತಾನಿರುವ ಅಳತೆ. ನನ್ನ ಕಾರಿಗೆ ಬೇಕಾದದ್ದಲ್ಲ, ಅವರಲ್ಲಿ ಇದ್ದದ್ದು. ರಿಮ್ಮು, ಟೈರು ಸೇರಿ 58 ಸಾವಿರ ರೂಪಾಯಿ ಕೊಟ್ಟು ಬಂದೆ.

ಬೆಟ್ಟದ ರಸ್ತೆಯ ಬದಿಯಲ್ಲಿ ಸ್ಟೆಪ್ನಿ ಹೊರತೆಗೆದು ಆ ಚಕ್ರದ ಪಕ್ಕ ನಿಲ್ಲಿಸಿದಾಗ ನನ್ನ ಕಣ್ಣು ತೆರೆಯಿತು. ಹಳೆಯ ಚಕ್ರ ಮೂರು ಬೆರಳಿನಷ್ಟು ಕುಳ್ಳಾಗಿತ್ತು.

ಅಂಗಡಿಗೆ ಹೋಗುವ ಮುನ್ನ ನಾನು ಮಾಡಬೇಕಿದ್ದ ಲೆಕ್ಕ ಐದು ನಿಮಿಷದ್ದು. 175/65 ಆರ್14 ಎಂದರೆ ಟೈರಿನ ಅಗಲ 175 ಮಿಲಿಮೀಟರ್, ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇ 65, ಅಂದರೆ 113.75. ಗೋಡೆ ಮೇಲೊಂದು ಕೆಳಗೊಂದು ಬರುವುದರಿಂದ ಅದನ್ನು ಎರಡು ಪಟ್ಟು ಮಾಡಿ, 14 ಇಂಚಿನ ರಿಮ್ಮನ್ನು 25.4ರಿಂದ ಗುಣಿಸಿ ಕೂಡಿಸಿದರೆ ಒಟ್ಟು ವ್ಯಾಸ 583 ಮಿಲಿಮೀಟರ್. ಅದೇ ರೀತಿ 205/55 ಆರ್16 ಟೈರಿನದು 632. ಸುಮಾರು 49 ಮಿಲಿಮೀಟರ್ ಹೆಚ್ಚು, ಶೇಕಡಾ 8.4. ಒಟ್ಟು ವ್ಯಾಸದ ವ್ಯತ್ಯಾಸ ಶೇ 3ರೊಳಗೆ ಇರಲಿ ಎಂಬುದು ತಿಳಿದವರು ಪಾಲಿಸುವ ಮಿತಿ. ರಿಮ್ಮು ದೊಡ್ಡದಾದಷ್ಟೂ ಟೈರಿನ ಗೋಡೆ ತಗ್ಗಬೇಕು, ಆಗ ಮಾತ್ರ ಹೊರವ್ಯಾಸ ಉಳಿಯುತ್ತದೆ. ನನ್ನ ವಿಷಯದಲ್ಲಿ ಗೋಡೆ ಬಹುತೇಕ ಹಾಗೆಯೇ ಉಳಿದು ರಿಮ್ಮು ಮಾತ್ರ ಎರಡು ಇಂಚು ಬೆಳೆದಿತ್ತು. ಅಗಲವೂ 30 ಮಿಲಿಮೀಟರ್ ಹೆಚ್ಚಿತ್ತು. ಒಬ್ಬನೇ ಓಡಿಸುವಾಗ ಏನೂ ತಾಗುತ್ತಿರಲಿಲ್ಲ. ಹಿಂದೆ ಮೂವರು ಕುಳಿತು ಸ್ಪ್ರಿಂಗ್ ತಗ್ಗಿ, ತಿರುವಿನಲ್ಲಿ ಕಾರು ಒಂದು ಬದಿಗೆ ವಾಲಿದಾಗ ಇದ್ದ ಜಾಗವೂ ಮುಗಿದುಹೋಯಿತು.

ಅದಕ್ಕೆ ಮೊದಲೇ ಎರಡು ಸೂಚನೆಗಳಿದ್ದವು. ಬೆಂಗಳೂರು ಹೆದ್ದಾರಿಯಲ್ಲಿ ಮುಳ್ಳು 100 ತೋರಿಸುತ್ತಿದ್ದಾಗ ಮೊಬೈಲಿನ ಜಿಪಿಎಸ್ 105 ತೋರಿಸಿತ್ತು. ಸಾಮಾನ್ಯವಾಗಿ ಕಾರಿನ ಮುಳ್ಳು ನಿಜವಾದ ವೇಗಕ್ಕಿಂತ ಸ್ವಲ್ಪ ಹೆಚ್ಚೇ ತೋರಿಸುತ್ತದೆ. ಅದು ಕಡಿಮೆ ತೋರಿಸಿದಾಗ ನಾನು ಅನುಮಾನ ಪಡಬೇಕಿತ್ತು. ಅಲ್ಲಿ ಕಾರುಗಳಿಗೆ ಮಿತಿ 100, ಮೇಲೆ ಕ್ಯಾಮೆರಾ ಕಣ್ಣು. ಇನ್ನೊಂದು, ಎಂಜಿನ್ನಿನ ಎಳೆತ ಕುಂದಿತ್ತು. ಚಕ್ರ ದೊಡ್ಡದಾದರೆ ಪ್ರತಿ ಗೇರ್ ಉದ್ದವಾದಂತೆ. ಎರಡನೆಯ ಗೇರಿನಲ್ಲಿ ಸಲೀಸಾಗಿ ಹತ್ತುತ್ತಿದ್ದ ಏರಿನಲ್ಲಿ ಕಾರು ಏದುಸಿರು ಬಿಡತೊಡಗಿತ್ತು. ಆ ಎಂಜಿನ್ನಿಗಾಗಿಯೇ ಕಾರನ್ನು ಇಷ್ಟು ವರ್ಷ ಇಟ್ಟುಕೊಂಡವನು ನಾನು. ಅದು ಇಂದಿಗೂ ನೋವು ಕೊಡುತ್ತದೆ.

ಆದರೆ ನನ್ನನ್ನು ನಿಜಕ್ಕೂ ನಡುಗಿಸಿದ್ದು ಟೈರಲ್ಲ, ಬೋಲ್ಟು. ಚಕ್ರ ಬಿಚ್ಚಲು ಪಾನಾ ಹಾಕಿದರೆ ನಾಲ್ಕರಲ್ಲಿ ಎರಡು ಬೋಲ್ಟುಗಳು ಬಲವನ್ನೇ ಬೇಡದೆ ತಿರುಗಿದವು. ಪಾಲಿಯೊ ಚಕ್ರದ ನಾಲ್ಕು ರಂಧ್ರಗಳು 98 ಮಿಲಿಮೀಟರ್ ವ್ಯಾಸದ ವೃತ್ತದ ಮೇಲಿವೆ. ನಮ್ಮಲ್ಲಿ ಹೆಚ್ಚಾಗಿ ಸಿಗುವ ಅಲಾಯ್ ರಿಮ್ಮುಗಳಲ್ಲಿ ಅದು 100. ಪ್ರತಿ ರಂಧ್ರವೂ ಒಂದು ಮಿಲಿಮೀಟರ್ ಆಚೆ ಇರುತ್ತದೆ. ಬೋಲ್ಟು ಒಳಗೆ ಹೋಗುತ್ತದೆ, ಬಿಗಿಯಾದಂತೆಯೂ ಕಾಣುತ್ತದೆ, ಆದರೆ ಅದರ ತಲೆ ಗುಳಿಯಲ್ಲಿ ನೇರವಾಗಿ ಕೂರುವುದಿಲ್ಲ. ಓಡುತ್ತ ಓಡುತ್ತ ಸಡಿಲಗೊಳ್ಳುತ್ತದೆ. ಇದನ್ನು ಅಂಗಡಿಯವರು ಒಂದು ಮಾತಿನಲ್ಲೂ ಹೇಳಲಿಲ್ಲ. ಟೈರಿನ ತಪ್ಪನ್ನು ನಾನು ಕ್ಷಮಿಸಬಲ್ಲೆ, ಕೇಳದೆ ಕೊಂಡವನು ನಾನೇ. ಮೂವರು ಹೆಣ್ಣುಮಕ್ಕಳು ಕುಳಿತ ಕಾರಿನ ಚಕ್ರವನ್ನು ಹಾಗೆ ಬಿಗಿದು ಕಳುಹಿಸಿದ್ದನ್ನು ಕ್ಷಮಿಸಲಾರೆ. ಮರುದಿನ ಹೋಗಿ ಕೇಳಿದಾಗ, ರಿಮ್ಮುಗಳನ್ನಷ್ಟೇ ಅರ್ಧ ಬೆಲೆಗೆ ವಾಪಸ್ ತೆಗೆದುಕೊಂಡರು.

ಈಗ ಹಾಕಿಸಿರುವುದು 15 ಇಂಚು, 185/55. ವ್ಯಾಸ 584.5 ಮಿಲಿಮೀಟರ್, ಮೂಲಕ್ಕಿಂತ ಒಂದೂವರೆ ಮಿಲಿಮೀಟರ್ ಮಾತ್ರ ಹೆಚ್ಚು. ಭಾರಸೂಚಿ 82, ಅಂದರೆ ಒಂದು ಟೈರು 475 ಕಿಲೋ ಹೊರುತ್ತದೆ. 98ರ ರಿಮ್ಮು ಹುಡುಕಲು ಎರಡು ತಿಂಗಳು ಬೇಕಾಯಿತು. 16 ಇಂಚೇ ಬೇಕೆನ್ನುವವರಿಗೆ 195/45 ಲೆಕ್ಕಕ್ಕೆ ಸರಿಹೋಗುತ್ತದೆ, ವ್ಯಾಸ 582. ಆದರೆ ಅದರ ಗೋಡೆ ಒಂಬತ್ತು ಸೆಂಟಿಮೀಟರ್ ಕೂಡ ಇಲ್ಲ. ಮಂಡ್ಯದ ಕಡೆ ಕಬ್ಬಿನ ಲಾರಿಗಳು ಓಡಿ ಹಳ್ಳಬಿದ್ದ ಒಳರಸ್ತೆಗಳಲ್ಲಿ ರಿಮ್ಮು ಬಾಗಲು ಒಂದು ಗುಂಡಿ ಸಾಕು. ನಾನಂತೂ ಹಾಕಿಸುವುದಿಲ್ಲ.

ಟೈರಿನ ಗೋಡೆಯ ಮೇಲೆ ತಯಾರಿಕೆಯ ನಾಲ್ಕು ಅಂಕಿಗಳಿರುತ್ತವೆ. 2319 ಎಂದಿದ್ದರೆ 2019ರ 23ನೆಯ ವಾರ. ಅದನ್ನೂ ಓದಿ. ಹಣ ಕೊಡುವ ಮುನ್ನ ನಾಲ್ವರನ್ನು ಕೂರಿಸಿಕೊಂಡು, ಸ್ಟೀರಿಂಗನ್ನು ಎರಡೂ ಬದಿಗೆ ಪೂರ್ತಿ ತಿರುಗಿಸಿ, ಒಂದು ಹಂಪ್ ದಾಟಿಸಿ ನೋಡುತ್ತೇನೆ ಎಂದು ಹೇಳಿ. ಜಾಕಿನ ಮೇಲೆ ಚಕ್ರ ತಿರುಗಿಸಿ ತೋರಿಸಿದರೆ ಒಪ್ಪಬೇಡಿ. ಐವತ್ತು ಕಿಲೋಮೀಟರ್ ಓಡಿಸಿದ ಮೇಲೆ ಬೋಲ್ಟುಗಳನ್ನು ಇನ್ನೊಮ್ಮೆ ನೀವೇ ಪಾನಾ ಹಿಡಿದು ಪರೀಕ್ಷಿಸಿ.