ಕುಡಿತ ಬಿಡಿಸ್ತೀವಿ ಅಂತ ಕೋಣೆಗೆ ಹಾಕಿ ಚಿಲಕ ಹಾಕಬೇಡಿ

ಹೊಸನಗರ ಕಡೆಯ ಒಂದು ಮನೆ. ವರ್ಷಾನುಗಟ್ಟಲೆ ದಿನಾ ಕುಡಿಯುತ್ತಿದ್ದ ಮನುಷ್ಯ, ಬೆಳಿಗ್ಗೆ ಒಂದು ನೈಂಟಿ ಬೀಳದಿದ್ದರೆ ಲೋಟ ಹಿಡಿಯಲಾಗದಷ್ಟು ಕೈ ನಡುಕ. ದೇವರ ಮುಂದೆ ಆಣೆ ಮಾಡಿಸಿ, ಅಡಿಕೆ ಚೀಲ ಇಡುವ ಕೋಣೆಯಲ್ಲಿ ಕೂಡಿಹಾಕಿದರು. ಮೊದಲ ದಿನ ಬೆವರು, ವಾಂತಿ. ಎರಡನೇ ರಾತ್ರಿ ಫಿಟ್ಸ್. ಮೂರನೇ ದಿನ ಮೈಮೇಲೆ ಇಲ್ಲದ ಹುಳುಗಳನ್ನು ಕೊಡವುತ್ತಾ, ಹೆಂಡತಿಯನ್ನೇ "ನೀನ್ಯಾರು" ಎನ್ನತೊಡಗಿದ. ಗಾಳಿ ಸೋಕಿದೆ ಎಂದು ತಾಯಿತ ಕಟ್ಟಿಸುವುದರಲ್ಲಿ ಇನ್ನೊಂದು ದಿನ ಹೋಯಿತು. ಜೀವ ಉಳಿಯಿತು, ನೆನಪು ಪೂರ್ತಿ ಮರಳಲಿಲ್ಲ.

ಅದು ಗಾಳಿಯೂ ಅಲ್ಲ, ನಾಟಕವೂ ಅಲ್ಲ. ಮದ್ಯ ಮಿದುಳನ್ನು ಮಂದ ಮಾಡುತ್ತದೆ. ದಿನಾ ಕುಡಿದರೆ ಅದಕ್ಕೆ ಎದುರಾಗಿ ಮಿದುಳು ತನ್ನ ಚುರುಕು ಏರಿಸಿಕೊಂಡಿರುತ್ತದೆ. ಒಮ್ಮೆಲೇ ನಿಲ್ಲಿಸಿದಾಗ ಆ ಚುರುಕಿಗೆ ತಡೆಯೇ ಇರುವುದಿಲ್ಲ. ಕೊನೆಯ ಗುಟುಕಿನಿಂದ ಲೆಕ್ಕ ಹಾಕಿ: ಸುಮಾರು 6 ಗಂಟೆಗೆ ನಡುಕ ಶುರು, 48 ಗಂಟೆಯೊಳಗೆ ಫಿಟ್ಸ್, 48ರಿಂದ 96 ಗಂಟೆಯ ನಡುವೆ ಜ್ವರ, ಭ್ರಮೆ, ದಿಕ್ಕುತಪ್ಪಿದ ಮಾತು. ಈ ಕೊನೆಯದ್ದು ಪ್ರಾಣವನ್ನೇ ತೆಗೆಯಬಹುದು. ಹಿಂದೆ ಬಿಡುವಾಗ ಒಮ್ಮೆ ಫಿಟ್ಸ್ ಬಂದಿದ್ದರೆ ಮನೆಯಲ್ಲಿ ಬಿಡಿಸುವ ಯೋಚನೆಯೇ ಬೇಡ.

ಫಿಟ್ಸ್ ಬಂದರೆ ಪಕ್ಕಕ್ಕೆ ಮಗ್ಗುಲಾಗಿಸಿ, ತಲೆ ಕೆಳಗೆ ಬಟ್ಟೆ ಇಡಿ, ಸಮಯ ನೋಡಿ. ಬಾಯಿಗೆ ನೀರು, ಚಮಚ ಬೇಡ. ಕೈಗೆ ಕಬ್ಬಿಣ ಕೊಡುವುದರಿಂದ ಏನೂ ಆಗದು. ನಿಲ್ಲಲಿ ಬಿಡಲಿ, ಆಸ್ಪತ್ರೆಗೆ ಹೊರಡಲೇಬೇಕು. 108ಕ್ಕೆ ಕರೆ ಮಾಡಿ. ಮಳೆಗಾಲದಲ್ಲಿ ಸಿಗ್ನಲ್ ಇಲ್ಲದ ಊರಾದರೆ ಪಕ್ಕದ ಮನೆಯ ಜೀಪು ಎಬ್ಬಿಸಿ, ಬೆಳಗಾಗಲಿ ಎಂದು ಕಾಯಬೇಡಿ.

ಆಸ್ಪತ್ರೆಯಲ್ಲಿ ನಾಚಿಕೆಯಿಂದ "ಸ್ವಲ್ಪ ಕುಡೀತಾರೆ" ಎನ್ನುತ್ತಾರೆ. ದಯವಿಟ್ಟು ಹಾಗೆನ್ನಬೇಡಿ. ದಿನಕ್ಕೆ ಎಷ್ಟು ಕ್ವಾರ್ಟರ್, ಕೊನೆಗೆ ಕುಡಿದದ್ದು ಯಾವಾಗ, ಇವೆರಡನ್ನೂ ಸರಿಯಾಗಿ ಹೇಳಿ. ಔಷಧಿಯ ಪ್ರಮಾಣ ಅದರ ಮೇಲೇ ನಿಂತಿದೆ. ಗ್ಲೂಕೋಸ್ ಡ್ರಿಪ್ ಹಾಕುವ ಮೊದಲು ಥಯಾಮಿನ್, ಅಂದರೆ ಬಿ1 ವಿಟಮಿನ್, ಕೊಟ್ಟರಾ ಎಂದು ಕೇಳಿ. ಅದರ ಕೊರತೆಯೇ ನೆನಪನ್ನು ಶಾಶ್ವತವಾಗಿ ಅಳಿಸುವುದು.

ಬಿಡುವ ಮನಸ್ಸು ಬಂದಿದ್ದರೆ ಆಣೆಗೆ ಮುಂಚೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗವಿದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲುರಾತ್ರಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಗೊತ್ತಾಗದಂತೆ ಊಟದಲ್ಲಿ ಬೆರೆಸಿ ಎಂದು ಯಾರೋ ಕೊಡುವ ಪುಡಿಯನ್ನು ಮಾತ್ರ ಮನೆಯೊಳಗೆ ತರಬೇಡಿ. ಅದರಲ್ಲಿ ಡೈಸಲ್ಫಿರಾಮ್ ಎಂಬ ಕುಡಿತ ಬಿಡಿಸುವ ಔಷಧಿ ಇದ್ದು, ಅದರ ಮೇಲೆ ಅವರು ಕುಡಿದರೆ ಬಿಪಿ ಕುಸಿದು ಹೃದಯವೇ ನಿಲ್ಲಬಹುದು.